ಎತ್ತಿಕೊಂಡ ಮೇಲೆ

"ಗಂಡಿದೆಯಾ?"

ಬೆಂಗಳೂರಿನಲ್ಲಿ ಭಾನುವಾರಗಳಂದು ನಡೆಯುವ ನಾಯಿಮರಿ ದತ್ತು ಶಿಬಿರಗಳಿಗೆ ಬಂದವರು ಮೊದಲು ಕೇಳುವ ಮಾತು ಇದು. ಮರಿಗೆ ಎಷ್ಟು ವಾರವಾಯಿತು, ಲಸಿಕೆ ಆಗಿದೆಯಾ, ಏನು ತಿನ್ನುತ್ತದೆ ಎಂಬುದೆಲ್ಲ ಆಮೇಲೆ. ಬೆಳಗ್ಗೆ ಬುಟ್ಟಿಯಲ್ಲಿ ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದ ಮರಿಗಳಲ್ಲಿ ಗಂಡುಗಳು ಮಧ್ಯಾಹ್ನದೊಳಗೆ ಹೋಗಿರುತ್ತವೆ. ಅದರಲ್ಲೂ ಬಿಳಿ, ಕಂದು ಬಣ್ಣದವು ಮೊದಲು. ಸಂಜೆ ಶಾಮಿಯಾನ ಬಿಚ್ಚುವ ಹೊತ್ತಿಗೆ ಉಳಿಯುವುದು ಹೆಣ್ಣು ಮರಿಗಳು. ಅವುಗಳಲ್ಲೂ ಕಪ್ಪು ಮರಿಯೊಂದಿದ್ದರೆ ಅದು ಕಟ್ಟಕಡೆಯದು.

ಕಾರಣ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ. "ಮರಿ ಹಾಕುತ್ತೆ ಮೇಡಂ, ಆಮೇಲೆ ಯಾರು ನೋಡ್ಕೊಳ್ಳೋರು?" ಆರು ತಿಂಗಳು ದಾಟಿದ ಮೇಲೆ ಒಂದು ಆಪರೇಷನ್ ಮಾಡಿಸಿದರೆ ಆ ಚಿಂತೆ ಜನ್ಮಕ್ಕೆ ಮುಗಿಯಿತು ಎಂದು ಶಿಬಿರದಲ್ಲಿರುವ ನಾವು ವಿವರಿಸುತ್ತೇವೆ. ಎಷ್ಟೋ ಕಡೆ ಶಿಬಿರ ನಡೆಸುವವರೇ ಅದರ ಖರ್ಚನ್ನೂ ಹೊರುತ್ತಾರೆ. ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, "ಹೌದು, ಆದ್ರೂ ಗಂಡಿದ್ರೆ ಹೇಳಿ" ಎಂದು ನಂಬರ್ ಕೊಟ್ಟು ಹೋಗುತ್ತಾರೆ. ಅವರು ಕೆಟ್ಟವರಲ್ಲ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಬೀದಿಯ ಮರಿಗೊಂದು ಮನೆ ಕೊಡಲು ಬಂದವರನ್ನು ಕೆಟ್ಟವರು ಎನ್ನಲು ಹೇಗೆ ಸಾಧ್ಯ? ಆದರೆ ಹೆಣ್ಣೆಂದರೆ ಹೊರೆ ಎಂಬ ಲೆಕ್ಕ ನಮ್ಮೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂದರೆ, ಎಂಟು ವಾರದ ನಾಯಿಮರಿಯನ್ನು ಎತ್ತಿಕೊಳ್ಳುವಾಗಲೂ ಕೈ ಮೊದಲು ಅದನ್ನೇ ತಿರುಗಿಸಿ ನೋಡುತ್ತದೆ.

ಹೀಗೆ ಬೇಡವಾದ ಮರಿಗಳು ಎಲ್ಲಿಂದ ಬಂದವು? ಹಲವು ಬೀದಿಯಲ್ಲೇ ಹುಟ್ಟಿದವು. ಆದರೆ ಮನೆಯೊಂದರಲ್ಲಿ ಹುಟ್ಟಿ, ಗಂಡುಗಳನ್ನು ನೆಂಟರಿಷ್ಟರು ಒಯ್ದ ಮೇಲೆ ಉಳಿದ ಹೆಣ್ಣುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾಂಸದಂಗಡಿಯ ಹತ್ತಿರ ಬಿಟ್ಟುಹೋದದ್ದೂ ಬಹಳ. ಅಲ್ಲಾದರೆ ಹೊಟ್ಟೆಗೆ ಏನಾದರೂ ಸಿಗುತ್ತದೆ ಎಂಬುದು ಬಿಟ್ಟವರ ಸಮಾಧಾನ. ಅಲ್ಲಿ ಆಗಲೇ ನೆಲೆ ನಿಂತ ದೊಡ್ಡ ನಾಯಿಗಳು ಹೊಸ ಮರಿಯನ್ನು ಸೇರಿಸುತ್ತವೆಯೇ ಎಂದು ಅವರು ಯೋಚಿಸಿರುವುದಿಲ್ಲ. ಮಲೆನಾಡಿನ ಹಳ್ಳಿಗಳಲ್ಲಿ ಬೆಕ್ಕಿನ ಮರಿಗಳನ್ನು ಗೋಣಿಚೀಲದಲ್ಲಿ ಹಾಕಿ, ದಾರಿ ನೆನಪಿಟ್ಟುಕೊಂಡು ವಾಪಸು ಬರದಿರಲಿ ಎಂದು ಹೊಳೆಯಾಚೆ ಬಿಟ್ಟು ಬರುವುದನ್ನು ನಾವೆಲ್ಲ ಕಂಡು ಬೆಳೆದವರೇ. ಆದರೆ ಬಿಟ್ಟು ಬಂದರೆ ಮರಿಗಳು ಮುಗಿಯುವುದಿಲ್ಲ. ನಾಯಿ ಎರಡು ತಿಂಗಳು ಗಬ್ಬವಾಗಿರುತ್ತದೆ, ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಈ ಚಳಿಗಾಲದಲ್ಲಿ ಬೇಡವೆಂದು ಬಿಟ್ಟ ಹೆಣ್ಣು ಮರಿ ಮುಂದಿನ ಚಳಿಗಾಲದೊಳಗೆ ಯಾವುದೋ ಸೈಟಿನ ಜಲ್ಲಿ ರಾಶಿಯ ಹಿಂದೆ ತಾನೇ ತಾಯಿಯಾಗಿರುತ್ತದೆ. ಮರಿ ಹಾಕುತ್ತದೆ ಎಂಬ ಭಯದಿಂದ ದೂರ ಮಾಡಿದ್ದೇ ಅದು ಮರಿ ಹಾಕಲು ಕಾರಣವಾಯಿತು. ಮನೆಯೊಳಗೆ ಸೇರಿದ್ದರೆ ಆಪರೇಷನ್ ಆಗುತ್ತಿತ್ತು.

ಬಿದ್ದದ್ದನ್ನು ಎತ್ತಿಕೊಳ್ಳುವುದನ್ನೇ ಜನ ದೊಡ್ಡ ದಯೆ ಎಂದು ಹೊಗಳುತ್ತಾರೆ. ನನಗೆ ಅದರ ಬಗ್ಗೆ ಅಷ್ಟು ಖಾತ್ರಿಯಿಲ್ಲ. ಮಳೆಯಲ್ಲಿ ನೆನೆದು ನಡುಗುತ್ತಿರುವ ಮರಿಯನ್ನು ಕಂಡರೆ ಯಾರ ಮನಸ್ಸಾದರೂ ಕರಗುತ್ತದೆ, ಅದಕ್ಕೆ ವಿಶೇಷವಾದ ಧರ್ಮವೇನೂ ಬೇಕಿಲ್ಲ. ಎಷ್ಟೋ ಸಲ ಎತ್ತಿಕೊಳ್ಳದೆ ಇರುವುದೇ ಸರಿ. ಬೆಕ್ಕು ಏಳು ಮನೆ ಮರಿ ತಿರುಗಿಸುತ್ತದೆ ಎಂದು ಹಿರಿಯರು ಹೇಳುತ್ತಿದ್ದರಲ್ಲ, ಅದು ನಿಜವಾದ ಗಮನಿಕೆ. ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಸಾಗಿಸುವ ತಾಯಿ ಮಿಕ್ಕವನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಬಿಡಲೇಬೇಕು. ಮೈ ಒಣಗಿ, ಹೊಟ್ಟೆ ತುಂಬಿ, ಸುಮ್ಮನೆ ಮಲಗಿರುವ ಮರಿಗೆ ತಾಯಿ ಇದ್ದಾಳೆ ಎಂದೇ ಅರ್ಥ. ದೂರ ನಿಂತು ಕಾಯಬೇಕು. ಆ ಹೊತ್ತಿನಲ್ಲಿ ನಮ್ಮ ಕನಿಕರ ಅದನ್ನು ಚೀಲಕ್ಕೆ ಹಾಕಿಕೊಂಡರೆ ನಾವು ಮಾಡಿದ್ದು ರಕ್ಷಣೆಯಲ್ಲ, ತಾಯಿಯಿಂದ ಕದ್ದದ್ದು. ತಣ್ಣಗಾಗಿ, ಬಿಡದೆ ಅರಚುತ್ತ, ಇರುವೆ ಮುತ್ತಿದ ಮರಿಯ ವಿಷಯ ಬೇರೆ.

ಅಂಥದ್ದನ್ನು ಎತ್ತಿಕೊಂಡರೆ ಮುಂದಿನ ಕೆಲಸ ಕರುಳಿನದಲ್ಲ, ತಿಳಿವಳಿಕೆಯದು. ಕಣ್ಣು ಬಿಡದ ಬೆಕ್ಕಿನ ಮರಿಗೆ ಮೊದಲು ಬೇಕಾದದ್ದು ಹಾಲಲ್ಲ, ಕಾವು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು ಮೈ ಬೆಚ್ಚಗಾದ ಮೇಲೆಯೇ ಊಡಬೇಕು; ತಣ್ಣಗಿರುವ ಹೊಟ್ಟೆಗೆ ಬಿದ್ದದ್ದು ಜೀರ್ಣವಾಗುವುದಿಲ್ಲ. ಹಸುವಿನ ಹಾಲು ಕುಡಿಸಿದರೆ ಭೇದಿಯಾಗಿ ಸೊರಗುತ್ತದೆ, ಅದಕ್ಕೆಂದೇ ಮಾಡಿದ ಪುಡಿ ಹಾಲು ಬೇಕು. ಕೂಸನ್ನು ಮಲಗಿಸಿದಂತೆ ಅಂಗಾತ ಹಿಡಿದು ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರತಿ ಸಲ ಊಡಿದಾಗಲೂ ನಸುಬಿಸಿಯ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸದಿದ್ದರೆ ಅದು ಮೂತ್ರವನ್ನೂ ಮಾಡಲಾರದು. ತಾಯಿ ನಾಲಗೆಯಿಂದ ಮಾಡುತ್ತಿದ್ದ ಕೆಲಸ ಅದು. ಇದೆಲ್ಲ ಎರಡು ಮೂರು ಗಂಟೆಗೊಮ್ಮೆ, ಹಗಲೂ ರಾತ್ರಿ. ಇಷ್ಟಾದರೂ ಕೆಲವು ಉಳಿಯುವುದಿಲ್ಲ. ನಾಯಿಮರಿಗಳಿಗೆ ಪಾರ್ವೊ ವೈರಸ್ ತಗುಲಿದರೆ ರಕ್ತಭೇದಿಯಾಗಿ ಎರಡು ಮೂರು ದಿನಗಳಲ್ಲೇ ಕೈ ಬಿಟ್ಟುಹೋಗಬಹುದು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುವುದರಿಂದ, ದುಃಖ ಮರೆಯಲು ಅದೇ ಮನೆಗೆ ಕೂಡಲೇ ಮತ್ತೊಂದು ಮರಿ ತರುವುದೂ ತಪ್ಪೇ.

ಆದರೂ ಇದಕ್ಕಿಂತ ಕಷ್ಟವಾದದ್ದು ಮರಿ ಬದುಕಿ, ಗುಂಡಗಾಗಿ, ನಮ್ಮ ಹೆಜ್ಜೆಯ ಸಪ್ಪಳಕ್ಕೆ ಬಾಲ ಅಲ್ಲಾಡಿಸಲು ಕಲಿತ ಮೇಲೆ ಬರುತ್ತದೆ. ಅದನ್ನು ಕೊಟ್ಟುಬಿಡಬೇಕು.

ಕೊಡದೆ ಇಟ್ಟುಕೊಂಡವರನ್ನು ಬಲ್ಲೆ. ಒಂದಾಯಿತು, ಮತ್ತೊಂದಾಯಿತು, ಯಾರಿಗೂ ಕೊಡಲು ಮನಸ್ಸಾಗದೆ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟಾಯಿತು. ಲಸಿಕೆಗೆ ದುಡ್ಡಿಲ್ಲ, ಒಂದರ ಕಜ್ಜಿ ಎಲ್ಲಕ್ಕೂ ಹತ್ತಿತು, ನೆರೆಯವರ ಜೊತೆ ಜಗಳ ಠಾಣೆಗೆ ಹೋಯಿತು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಅಲ್ಲಿ ಯಾವ ನಾಯಿಗೂ ತನ್ನದೆಂಬ ಮನುಷ್ಯ ಇರಲಿಲ್ಲ. ಯಾರ ಕೈಗೂ ಒಪ್ಪಿಸಲಾಗದ ಪ್ರೀತಿಯಲ್ಲಿ, ನನ್ನ ಹಾಗೆ ಮತ್ತಾರೂ ನೋಡಿಕೊಳ್ಳಲಾರರು ಎಂಬ ಹಮ್ಮು ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಒಂದನ್ನು ಬಿಟ್ಟುಕೊಟ್ಟಾಗ ಮಾತ್ರ ಮುಂದಿನದಕ್ಕೆ ಜಾಗವಾಗುವುದು ಎಂಬ ಲೆಕ್ಕವೂ ಇದೆ, ನಿಜ. ಆದರೆ ನನಗೆ ಮುಖ್ಯವೆನಿಸುವುದು ಬೇರೆ. ಎತ್ತಿಕೊಂಡಾಗ ನಮ್ಮ ಮನಸ್ಸಿನ ಸಂಕಟ ಇಳಿಯುತ್ತದೆ. ಒಪ್ಪಿಸಿ ಕೊಟ್ಟಾಗ ಸಂಕಟ ಹೊಸದಾಗಿ ಶುರುವಾಗುತ್ತದೆ. ಈ ಎರಡನೆಯದರಲ್ಲಿ ನಮ್ಮ ಸುಖಕ್ಕೆ ಏನೂ ಇಲ್ಲ, ಇರುವುದೆಲ್ಲ ಆ ಪ್ರಾಣಿಯ ಮುಂದಿನ ಹನ್ನೆರಡು ಹದಿನೈದು ವರ್ಷಗಳಿಗಾಗಿ.

ಅದಕ್ಕೇ ಕೊಡುವ ಮುನ್ನ ಕೇಳುವ ಪ್ರಶ್ನೆಗಳು. ಮನೆಯವರೆಲ್ಲ ಒಪ್ಪಿದ್ದಾರಾ? ಬಾಡಿಗೆ ಮನೆಯಾದರೆ ಓನರ್‌ಗೆ ತಿಳಿಸಿದ್ದೀರಾ? ಬೆಕ್ಕಾದರೆ ಬಾಲ್ಕನಿಗೆ ಬಲೆ ಹಾಕಿಸುತ್ತೀರಾ? ಹಬ್ಬಕ್ಕೆ ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಕೆಲಸ ಬೇರೆ ಊರಿಗೆ ವರ್ಗವಾದರೆ? ಕೆಲವರಿಗೆ ಸಿಟ್ಟು ಬರುತ್ತದೆ. "ಬೀದಿ ನಾಯಿಗೆ ಇಷ್ಟೊಂದಾ? ಹೆಣ್ಣು ಕೊಡುವಾಗಲೂ ಯಾರೂ ಇಷ್ಟು ವಿಚಾರಿಸಲ್ಲ" ಎಂದು ಎದ್ದು ಹೋದವರಿದ್ದಾರೆ. ಆದರೆ ಈ ಪ್ರಶ್ನೆಗಳು ಹುಟ್ಟಿದ್ದು ಅನುಮಾನದಿಂದಲ್ಲ, ಕಂಡ ಸಂಗತಿಗಳಿಂದ. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತು ಬೇಸರವಾಗಿ ಮರಿ ತಂದವರಲ್ಲಿ ಎಷ್ಟೋ ಜನ ಆಫೀಸು ಮತ್ತೆ ತೆರೆದ ಮೇಲೆ ಕೈಬಿಟ್ಟರು. ಅದಕ್ಕೂ ಮೊದಲು, ಸಾಕುಪ್ರಾಣಿಗಳಿಂದ ಕೊರೊನಾ ಹರಡುತ್ತದೆ ಎಂಬ ಗಾಳಿಸುದ್ದಿಗೆ ಹೆದರಿ ಬೀದಿಗೆ ಬಿಟ್ಟವರೂ ಇದ್ದರು. ದುಬಾರಿ ದುಡ್ಡು ಕೊಟ್ಟು ತಂದ ಜಾತಿ ನಾಯಿಗಳಿಗೂ ಈ ಗತಿ ತಪ್ಪಿಲ್ಲ. ಹಿಮದ ನಾಡಿನ ಹಸ್ಕಿಯೊಂದು ನಮ್ಮ ಏಪ್ರಿಲ್ ಬಿಸಿಲಲ್ಲಿ, ಕೊರಳಲ್ಲಿ ಬೆಲ್ಟಿನ ಗುರುತು ಮಾತ್ರ ಉಳಿದು, ಫ್ಲೈಓವರ್ ಕೆಳಗೆ ಏದುಸಿರು ಬಿಡುತ್ತ ನಿಂತಿರುವುದನ್ನು ನೋಡಿದವರಿಗೆ ಗೊತ್ತು.

ಆದರೂ ಈ ಪ್ರಶ್ನೆಗಳ ಬಗ್ಗೆ ನನ್ನದೊಂದು ತಕರಾರಿದೆ. ಕೇಳುತ್ತ ಕೇಳುತ್ತ ನಾವು ಮನೆಯ ಅಳತೆ ಕೇಳಲು ಶುರು ಮಾಡಿದ್ದೇವೆ. ಸ್ವಂತ ಮನೆಯೇ, ಸಂಬಳವೆಷ್ಟು, ಕಾರಿದೆಯೇ. ದೊಡ್ಡ ಮನೆಯ ಟೆರೇಸಿನಲ್ಲಿ ಸರಪಳಿ ಬಿಗಿದು ಒಂಟಿಯಾಗಿ ಬೊಗಳುತ್ತ ಮುದಿಯಾಗುವ ನಾಯಿಗಳು ಈ ನಗರದಲ್ಲಿ ಕಡಿಮೆಯಿಲ್ಲ. ಒಮ್ಮೆ ಶಿಬಿರ ಮುಗಿಯುವ ಹೊತ್ತಿಗೆ, ಎದುರಿನ ದೇವಸ್ಥಾನದ ಬಳಿ ಹೂ ಕಟ್ಟಿ ಮಾರುವ ಹೆಂಗಸು ಬಂದು, ಉಳಿದಿದ್ದ ಕಪ್ಪು ಹೆಣ್ಣು ಮರಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಯಾವ ಪ್ರಶ್ನೆಗೂ ನಮ್ಮ ಅರ್ಜಿ ಫಾರಂಗೆ ಹೊಂದುವ ಉತ್ತರ ಅವಳಲ್ಲಿ ಇರಲಿಲ್ಲ. ಇದು ಹೆಣ್ಣು ಮರಿ ಎಂದು ಯಾರೋ ಎಚ್ಚರಿಸಿದರು. "ಹೆಣ್ಣಾದ್ರೇನಕ್ಕಾ, ಅದಕ್ಕೂ ಹೊಟ್ಟೆ ಐತಲ್ಲ" ಎಂದಳು. ಜೊತೆಯವರು ಹಿಂದೆ ಮುಂದೆ ನೋಡಿದರು. ಕೊಟ್ಟೆವು. ಆಪರೇಷನ್ನು, ಲಸಿಕೆ ನಾವೇ ಮಾಡಿಸಿದೆವು. ದಿನವಿಡೀ ಅವಳ ಬುಟ್ಟಿಯ ಪಕ್ಕದಲ್ಲೇ ಇದ್ದು, ರಾತ್ರಿ ಅವಳ ಹಿಂದೆಯೇ ಮನೆಗೆ ಹೋಗುವ ಆ ನಾಯಿಗೆ ಒಂಟಿತನ ಎಂದರೇನೆಂದೇ ಗೊತ್ತಿಲ್ಲ. ಕೇಳಬೇಕಾದದ್ದು ಮನೆ ಎಷ್ಟು ದೊಡ್ಡದು ಎಂದಲ್ಲ, ದಿನದಲ್ಲಿ ಎಷ್ಟು ಹೊತ್ತು ಅದರ ಜೊತೆ ಇರುತ್ತೀರಿ ಎಂದು.

ಜೊತೆ ಬಿಡದಿರುವ ಈ ಮಾತು ಹಳೆಯದು. ಮಹಾಭಾರತದ ಆರಂಭದಲ್ಲೇ ಒಂದು ಪೆಟ್ಟು ತಿಂದ ನಾಯಿಮರಿಯಿದೆ. ಜನಮೇಜಯ ರಾಜನ ಯಾಗದ ಜಾಗಕ್ಕೆ ಬಂದ, ಸರಮೆಯೆಂಬ ತಾಯಿನಾಯಿಯ ಮರಿಯನ್ನು ಅವನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಅದು ಅಳುತ್ತ ತಾಯಿಯ ಬಳಿ ಹೋಗುತ್ತದೆ. ಸರಮೆ ಬಂದು, ನನ್ನ ಮಗ ಹವಿಸ್ಸನ್ನು ಮುಟ್ಟಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ, ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅವರಲ್ಲಿ ಉತ್ತರವಿಲ್ಲ. ಕಾಣದ ಭಯವೊಂದು ನಿಮ್ಮ ಮೇಲೆರಗಲಿ ಎಂದು ಶಪಿಸಿ ಹೋಗುತ್ತಾಳೆ, ಅಷ್ಟು ದೊಡ್ಡ ರಾಜ ಆ ಶಾಪಕ್ಕೆ ಕಳವಳಗೊಂಡು ಪರಿಹಾರ ಹುಡುಕುತ್ತ ಅಲೆಯುತ್ತಾನೆ. ಕೊನೆಯಲ್ಲಿ, ಪಾಂಡವರ ಮಹಾಪ್ರಸ್ಥಾನದಲ್ಲಿ, ಮತ್ತೊಂದು ನಾಯಿ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಈ ಭಾಗ ನಮ್ಮಲ್ಲಿ ಹೆಚ್ಚಿನವರಿಗೆ ತಲುಪಿದ್ದು ಹರಿಕಥೆಗಳಿಂದ, ಅಜ್ಜಿಯರ ಬಾಯಿಂದ. ಧರ್ಮರಾಯ ಆ ನಾಯಿಯನ್ನು ಎಲ್ಲಿಂದಲೂ ಎತ್ತಿಕೊಂಡು ಬಂದವನಲ್ಲ. ಅದು ತಾನಾಗಿ ಹಿಂದೆ ಬಂದದ್ದು. ಅವನು ಮಾಡಿದ್ದು ಒಂದೇ, ದಾರಿಯ ಕೊನೆಯಲ್ಲಿ ಅದನ್ನು ಬಿಟ್ಟು ಸ್ವರ್ಗದೊಳಗೆ ಹೋಗಲು ಒಪ್ಪಲಿಲ್ಲ. ಕಥೆ ಅದನ್ನು ಯಮಧರ್ಮನೆಂದು ಆಮೇಲೆ ತೋರಿಸುತ್ತದೆ. ಆದರೆ ಅವನು ಹಟ ಹಿಡಿದು ನಿಂತ ಗಳಿಗೆಯಲ್ಲಿ ಅದು ಬರೀ ನಾಯಿ, ಯಾವ ಪ್ರಯೋಜನಕ್ಕೂ ಇಲ್ಲದ್ದು.

ಈ ಪ್ರಯೋಜನದ ಮಾತು ಮುಖ್ಯ. ಮದ್ದೂರು ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವಿನ ಕಲ್ಲೊಂದು ಸಿಕ್ಕಿತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನೆಂಬ ವೀರ ಬಹುಮಾನವಾಗಿ ತನ್ನ ಒಡೆಯನಿಂದ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಅದನ್ನು ನೋಡಿದಾಗಲೆಲ್ಲ ಕನ್ನಡ ನೆಲದ ಬಗ್ಗೆ ಹೆಮ್ಮೆಯೆನಿಸುತ್ತದೆ. ಆದರೆ ಕಾಳಿ ಹೋರಾಡಿದ ನಾಯಿ, ಕಲ್ಲು ಪಡೆಯುವಂಥದ್ದೇನನ್ನೋ ಮಾಡಿದ್ದು. ಏನೂ ಮಾಡದ, ಮಾಡಲಾರದ, ಮೂರು ಕಾಲಿನ ನಾಯಿಗೆ ನಾವು ಏನು ಕೊಡಬಲ್ಲೆವು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ಕಾನೂನು ಈ ಪ್ರಶ್ನೆಯನ್ನು ಮುಟ್ಟಿದೆ, ಬೆರಳ ತುದಿಯಿಂದ. ನೃತ್ಯಗಾರ್ತಿ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ತಂದ ಖಾಸಗಿ ಮಸೂದೆಯೇ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ದಾರಿಯಾಯಿತು. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು ಅದರ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅಂದು ಅದು ದುಡ್ಡಾಗಿತ್ತು, ಇಂದು ಅದಕ್ಕೆ ಬೆಲೆಯೇ ಇಲ್ಲ. ದಂಡಕ್ಕೆ ಹೆದರಿ ಯಾರೂ ನಾಯಿಯನ್ನು ಇಟ್ಟುಕೊಳ್ಳುವುದಿಲ್ಲ.

ಹಾಗೆಂದು ಬೀದಿಗೆ ಬಿದ್ದ ನಾಯಿಗಳನ್ನು ಕೊಲ್ಲುವುದನ್ನೂ ಜನ ಒಪ್ಪದಿದ್ದದ್ದಕ್ಕೆ ಹಳೆಯ ಸಾಕ್ಷಿಯಿದೆ. 1832ರಲ್ಲಿ ಬ್ರಿಟಿಷರು ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ ಬೊಂಬಾಯಿಯ ಪಾರ್ಸಿಗಳು ದಂಗೆಯೆದ್ದರು. ಎರಡು ವರ್ಷದ ಬಳಿಕ ಅಲ್ಲಿ ದಿಕ್ಕಿಲ್ಲದ ಪ್ರಾಣಿಗಳಿಗಾಗಿ ಪಾಂಜರಾಪೋಳ ಶುರುವಾಯಿತು. ಕೊಂದು ಕೊಂದು ಸಂಖ್ಯೆ ಇಳಿಯದ್ದನ್ನು ಕಂಡ ಮದರಾಸು ನಗರಪಾಲಿಕೆ 1996ರಲ್ಲಿ ಆಪರೇಷನ್ ಮತ್ತು ಲಸಿಕೆಯ ದಾರಿಗೆ ಬಂತು. 2001ರಲ್ಲಿ ಅದೇ ದೇಶದ ನಿಯಮವಾಯಿತು, 2023ರಲ್ಲಿ ಹೊಸ ನಿಯಮ ಬಂತು. ಬೆಂಗಳೂರಿನಲ್ಲಿ ಪಾಲಿಕೆಯ 2019ರ ಎಣಿಕೆಯಲ್ಲಿ ಸುಮಾರು 3.10 ಲಕ್ಷ ಇದ್ದ ಬೀದಿನಾಯಿಗಳು 2023ರಲ್ಲಿ ಸುಮಾರು 2.79 ಲಕ್ಷಕ್ಕೆ ಇಳಿದಿದ್ದವು. ಇಳಿದದ್ದು ನಿಧಾನ, ಆದರೆ ಇಳಿದದ್ದು ನಿಜ.

ಇಷ್ಟೆಲ್ಲ ಹೇಳುವಾಗ, ಮಗುವನ್ನು ಕಳೆದುಕೊಂಡ ತಾಯಿ ಎದುರಿಗೆ ಕೂತಿದ್ದಾಳೆ ಎಂದುಕೊಂಡೇ ಹೇಳಬೇಕು. 2007ರಲ್ಲಿ ಬೆಂಗಳೂರಿನಲ್ಲೇ ಇಬ್ಬರು ಮಕ್ಕಳು ನಾಯಿಗಳ ದಾಳಿಗೆ ಬಲಿಯಾದರು. ಜಗತ್ತಿನ ರೇಬಿಸ್ ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾರತದಲ್ಲೇ ಆಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಚ್ಚಿಸಿಕೊಳ್ಳುವವರಲ್ಲಿ ಮಕ್ಕಳೂ ಬಹಳ, ಅದರಲ್ಲೂ ಬರಿಗಾಲಲ್ಲಿ ಬೀದಿಯಲ್ಲಿ ಆಡುವ ಬಡವರ ಮಕ್ಕಳು. ಲಕ್ಷಣ ಕಾಣಿಸಿದ ಮೇಲೆ ರೇಬಿಸ್‌ನಿಂದ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಗಾಯವನ್ನು ಕೂಡಲೇ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಲಸಿಕೆ ಹಾಕಿಸಿದರೆ ಸಾವನ್ನು ತಪ್ಪಿಸಬಹುದು ಎಂಬುದು ಪ್ರತಿ ಮನೆಗೂ ತಿಳಿದಿರಬೇಕು. ನಾಯಿಗಳ ಮೇಲಿನ ಪ್ರೀತಿಯಲ್ಲಿ ಈ ಭಯವನ್ನು ಹಗುರ ಮಾಡಿ ಮಾತನಾಡುವವರ ದಯೆಯನ್ನು ನಾನು ನಂಬಲಾರೆ. ಮನುಷ್ಯರ ನೋವು ಕಾಣದ ಕಣ್ಣಿಗೆ ಪ್ರಾಣಿಯ ನೋವು ಪೂರ್ತಿ ಕಂಡಿದೆಯೆಂದು ಹೇಗೆ ಹೇಳಲಿ? ಬೀದಿಯ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆಯಾದರೆ ರೇಬಿಸ್ ಹರಡುವುದು ನಿಲ್ಲುತ್ತದೆ. ಮಗುವನ್ನು ಉಳಿಸುವ ದಾರಿಯೂ ನಾಯಿಯನ್ನು ಉಳಿಸುವ ದಾರಿಯೂ ಒಂದೇ ಆಗಿರುವುದು ನಮ್ಮ ಪುಣ್ಯ.

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಲ್ಲೇ ಇಡಬೇಕೆಂದಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ಆಪರೇಷನ್ ಮತ್ತು ಲಸಿಕೆಯ ಬಳಿಕ ಹಿಡಿದ ಜಾಗಕ್ಕೇ ಬಿಡಬೇಕು, ರೇಬಿಸ್ ತಗುಲಿದ ಮತ್ತು ಮೈಮೇಲೆ ಬೀಳುವ ಸ್ವಭಾವದವನ್ನು ಬಿಡಬಾರದು ಎಂದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ನಾಯಿಗಳನ್ನು ಹಿಡಿದು ಮರಳಿ ಅಲ್ಲಿಗೆ ಬಿಡಬಾರದೆಂದು ಆದೇಶವಾಯಿತು. ಈ ಗದ್ದಲದಲ್ಲಿ ಆಗಸ್ಟ್ 22ರ ಆದೇಶದ ಒಂದು ಸಣ್ಣ ಅಂಶ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಇಷ್ಟವಿದ್ದವರು ಪಾಲಿಕೆಗೆ ಅರ್ಜಿ ಹಾಕಿ ನಾಯಿಯನ್ನು ದತ್ತು ಪಡೆಯಬಹುದು. ಒಯ್ದದ್ದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರ ಹೊಣೆ. ಟೀವಿಯಲ್ಲಿ ನಾಯಿಗಳ ಪರವಾಗಿ ಕೂಗಾಡಿದವರೂ ವಿರೋಧವಾಗಿ ಕೂಗಾಡಿದವರೂ ಇದನ್ನೊಮ್ಮೆ ಓದಬೇಕಿತ್ತು.

ಎಲ್ಲಕ್ಕೂ ಮನೆ ಸಿಗುವುದಿಲ್ಲ, ಅದು ಗೊತ್ತಿದೆ. ಆಪರೇಷನ್ ಆಗಿದೆಯೆಂದು ಕಿವಿಯ ತುದಿ ಕತ್ತರಿಸಿದ ಗುರುತಿರುವ ದೊಡ್ಡ ನಾಯಿಗೆ ತನ್ನ ಬೀದಿಯೇ ಮನೆ. ಬೇಕರಿಯವನು, ಇಸ್ತ್ರಿ ಅಂಗಡಿಯವನು, ರಾತ್ರಿ ಪಾಳಿಯ ವಾಚ್‌ಮನ್ ಅದರ ಮನೆಯವರು. ಅದನ್ನು ಎತ್ತಿಕೊಂಡು ಹೋಗಿ ಫ್ಲ್ಯಾಟಿನಲ್ಲಿ ಕೂಡಿಹಾಕಿದರೆ ಅದಕ್ಕದು ಸೆರೆಮನೆ. ನಿಜವಾಗಿ ಮನೆ ಬೇಕಾದದ್ದು ಬೀದಿಯಲ್ಲಿ ಬಾಳಲಾರದವಕ್ಕೆ. ಮರಿಗಳಿಗೆ, ಕಣ್ಣು ಹೋದವಕ್ಕೆ, ಒಂದು ಕಾಲಕ್ಕೆ ಸೋಫಾ ಮೇಲೆ ಮಲಗಿ ಬೆಳೆದು ಮುದಿತನದಲ್ಲಿ ಹೊರಬಿದ್ದವಕ್ಕೆ. ಈ ಕೊನೆಯವನ್ನು ಕೇಳಿಕೊಂಡು ಬರುವವರು ತೀರಾ ಅಪರೂಪ.

ಇತ್ತೀಚೆಗೆ ಒಂದು ದಂಪತಿ ಬಂದಿದ್ದರು, ಇಬ್ಬರೂ ಎಪ್ಪತ್ತು ದಾಟಿದವರು. ಮರಿಗಳ ಬುಟ್ಟಿಯ ಕಡೆ ಹೋಗಲೇ ಇಲ್ಲ. "ವಯಸ್ಸಾದ್ದು ಯಾವುದಾದ್ರೂ ಇದ್ರೆ ತೋರ್ಸಮ್ಮ" ಎಂದರು ಯಜಮಾನರು. "ಮರಿ ಹದಿನೈದು ವರ್ಷ ಬದುಕುತ್ತೆ, ಅಷ್ಟು ದಿನ ನಾವಿರ್ತೀವಿ ಅಂತ ಯಾವ ಧೈರ್ಯದ ಮೇಲೆ ಒಯ್ಯೋದು?" ಹತ್ತು ವರ್ಷದ ಲ್ಯಾಬ್ರಡಾರ್ ಒಂದಿತ್ತು, ಹೆಣ್ಣು, ಹಿಂಗಾಲಿಗೆ ಸಂಧಿವಾತ. ಮೆಟ್ಟಿಲು ಹತ್ತಲಾರದು ಎಂದೆವು. ತಮಗೂ ಮೊಣಕಾಲು ನೋವಿರುವುದರಿಂದ ಮನೆ ನೆಲಮಹಡಿಯಲ್ಲೇ ಇದೆ ಎಂದರು ಆಕೆ. ನಾವು ಕೇಳುವ ಮೊದಲೇ ಅವರು, ತಮ್ಮ ನಂತರ ಅದಕ್ಕೆ ಯಾರು ಎಂಬ ಕಷ್ಟದ ಪ್ರಶ್ನೆಗೂ ಉತ್ತರ ತಂದಿದ್ದರು. ಮಗ ದೂರ ದೇಶದಲ್ಲಿದ್ದಾನೆ, ಅವನಿಂದಾಗದು. ಮೈಸೂರಿನಲ್ಲಿರುವ ತಂಗಿಯ ಮಗಳನ್ನು ಕೇಳಿ ಒಪ್ಪಿಸಿದ್ದಾರೆ. ಅವಳ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ತಂದಿದ್ದರು. ಲಸಿಕೆ ಪುಸ್ತಕದ ಮೊದಲ ಪುಟದಲ್ಲಿ, ತಮ್ಮ ಹೆಸರಿನ ಕೆಳಗೆ ಅವಳ ಹೆಸರನ್ನೂ ಬರೆಸಿದರು.